ಬಿಪಿಗೆ ರೆನಿನ್, ಅಲ್ಡೋಸ್ಟೆರಾನ್ ಟೆಸ್ಟ್ ಯಾಕೆ? ಕಿಡ್ನಿಗೂ ಬಿಪಿಗೂ ಏನು ಸಂಬಂಧ?

ಸಾಗರದ ಹೊಳೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ. ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ, ನಾನು ಬೆಂಗಳೂರಲ್ಲಿದ್ದೇನೆ. ಹೋದ ವರ್ಷ ಅವರಿಗೆ ಬಿಪಿ ಇದೆ ಅಂತ ಗೊತ್ತಾಯಿತು. ರಾಮಿಪ್ರಿಲ್ ಮಾತ್ರೆ ಶುರು ಮಾಡಿದರು. 132/80ರ ಆಸುಪಾಸಿಗೆ ಬಂದು ನಿಂತಿತ್ತು. ಎರಡು ತಿಂಗಳಿಂದ ಮತ್ತೆ ಏರಿದೆ. ಹೋದ ವಾರ 166/96. ಮಾತ್ರೆ ಒಂದು ದಿನವೂ ತಪ್ಪಿಲ್ಲ, ಅಮ್ಮ ಎದುರು ನಿಂತು ನುಂಗಿಸುತ್ತಾಳೆ.

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.0, ಅದು ಸರಿ ಇದೆಯಂತೆ. ಪೊಟ್ಯಾಸಿಯಂ 3.1, ಅದು ಕಡಿಮೆಯಂತೆ. ಈಗ ರೆನಿನ್, ಅಲ್ಡೋಸ್ಟೆರಾನ್ ಅಂತ ಇನ್ನೊಂದು ಟೆಸ್ಟ್ ಬರೆದುಕೊಟ್ಟಿದ್ದಾರೆ. ಅದು ಇಲ್ಲಿ ಆಗಲ್ಲ, ಸ್ಯಾಂಪಲ್ ಹೊರಗೆ ಕಳಿಸಬೇಕು, ದುಡ್ಡೂ ಜಾಸ್ತಿ ಅಂದರು ಲ್ಯಾಬ್‌ನವರು.

ಅಪ್ಪನದು ಒಂದೇ ಹಠ. "ಬಿಪಿ ಅಂದರೆ ಹಾರ್ಟಿನ ತೊಂದರೆ. ಕಿಡ್ನಿ ಹಾರ್ಮೋನು ಯಾಕೆ ನೋಡಬೇಕು? ಸುಮ್ನೆ ದುಡ್ಡು ಕೀಳೋದಕ್ಕೆ." ನನ್ನ ಹತ್ತಿರ ಉತ್ತರ ಇಲ್ಲ. ಗೊತ್ತಿರುವವರು ಅಪ್ಪನಿಗೆ ಓದಿ ಹೇಳುವ ಹಾಗೆ ಬರೆಯುತ್ತೀರಾ?

ಬ್ಯಾಡಗಿ ಖಾರ

ಮೊದಲು ಉಪ್ಪಿನಕಾಯಿ ಭರಣಿ ಬಚ್ಚಿಡ್ರಿ. ನಮ್ಮ ಕಾಕಾನ ಬಿಪಿ ಅರ್ಧ ಅದರಿಂದಲೇ ಇಳಿಯಿತು. ಟೆಸ್ಟ್ ಬಗ್ಗೆ ನನಗೆ ಗೊತ್ತಿಲ್ಲ, ತಿಳಿದವರು ಹೇಳಲಿ.

ಹಳೇ ಲ್ಯಾಬ್ ಮೇಷ್ಟ್ರು

ನಾನು ಮೆಡಿಕಲ್ ಕಾಲೇಜೊಂದರಲ್ಲಿ ಶರೀರಕ್ರಿಯೆ ಪಾಠ ಹೇಳಿ ನಿವೃತ್ತನಾದವನು. ಚಿಕಿತ್ಸೆ ಹೇಳುವ ಡಾಕ್ಟರ್ ಅಲ್ಲ. ಅಷ್ಟನ್ನು ನೆನಪಿಟ್ಟುಕೊಂಡು ಓದಿ.

ನಿಮ್ಮ ತಂದೆಯವರ ಪ್ರಶ್ನೆ ಸರಿಯಾದದ್ದೇ. ಹಾರ್ಟ್ ಒಂದು ಪಂಪು. ಆದರೆ ಪೈಪಿನಲ್ಲಿ ಎಷ್ಟು ನೀರಿರಬೇಕು, ಪೈಪು ಎಷ್ಟು ಬಿಗಿಯಾಗಿರಬೇಕು ಅನ್ನುವುದನ್ನು ಪಂಪು ತೀರ್ಮಾನಿಸುವುದಿಲ್ಲ. ದಿನಗಟ್ಟಲೆ, ವರ್ಷಗಟ್ಟಲೆ ನಿಲ್ಲುವ ಬಿಪಿಯನ್ನು ಹೆಚ್ಚಾಗಿ ತೀರ್ಮಾನಿಸುವುದು ಕಿಡ್ನಿ.

ಎರಡೂ ಕಿಡ್ನಿ ಸೇರಿದರೆ ತೂಕ ಸುಮಾರು 300 ಗ್ರಾಂ. ಹಾರ್ಟು ಹೊರಗೆ ತಳ್ಳುವ ರಕ್ತದಲ್ಲಿ ಐದನೇ ಒಂದು ಪಾಲು ಇವಕ್ಕೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿಲೋ ಉಪ್ಪು ಇರುತ್ತದೆ! ನೂರಕ್ಕೆ 99 ಪಾಲನ್ನು ವಾಪಸ್ ಎಳೆದುಕೊಂಡು, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ವಾಪಸ್ ಎಳೆಯುವ ಲೆಕ್ಕದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಸಾಕು. ಮೈಯಲ್ಲಿ ಉಪ್ಪು ನಿಲ್ಲುತ್ತದೆ, ಉಪ್ಪಿನ ಹಿಂದೆ ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ.

ಇನ್ನು ರೆನಿನ್. ಕಿಡ್ನಿಯಲ್ಲಿ ಸೋಸುವ ಸಣ್ಣ ಸಣ್ಣ ಗಂಟುಗಳಿವೆ. ಅವುಗಳ ಬಾಗಿಲಲ್ಲಿ, ರಕ್ತ ಒಳಗೆ ಬರುವ ಕೊಳವೆಯ ಗೋಡೆಯಲ್ಲಿ, ಕೆಲವು ಜೀವಕಣಗಳು ಕೂತಿವೆ. ಬರುವ ರಕ್ತದ ಒತ್ತಡ ಕಡಿಮೆಯಾದರೆ ಇವಕ್ಕೆ ತಿಳಿಯುತ್ತದೆ. ಪಕ್ಕದಲ್ಲೇ ಇನ್ನೊಂದು ಗುಂಪು ಕಣಗಳು, ಮುಂದೆ ಹರಿದು ಹೋಗುವ ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ರುಚಿ ನೋಡುತ್ತಿರುತ್ತವೆ. ಉಪ್ಪು ಕಡಿಮೆ ಅನಿಸಿದರೂ ಸುದ್ದಿ ಮುಟ್ಟಿಸುತ್ತವೆ. ಹೆದರಿಕೆ, ರಕ್ತಸ್ರಾವ ಇಂಥ ಹೊತ್ತಿನಲ್ಲಿ ನರಗಳಿಂದಲೂ ಸುದ್ದಿ ಬರುತ್ತದೆ. ಈ ಮೂರರಲ್ಲಿ ಯಾವುದು ಬಂದರೂ ಕಿಡ್ನಿ ರೆನಿನ್ ಬಿಡುತ್ತದೆ.

ರೆನಿನ್ ತಾನೇ ಬಿಪಿ ಏರಿಸುವುದಿಲ್ಲ. ಲಿವರ್ ಮಾಡಿ ರಕ್ತಕ್ಕೆ ಬಿಟ್ಟ ಒಂದು ಪ್ರೋಟೀನನ್ನು ಅದು ಕತ್ತರಿಸುತ್ತದೆ. ಕತ್ತರಿಸಿ ಬಂದ ತುಂಡಿನ ಹೆಸರು ಆಂಜಿಯೋಟೆನ್ಸಿನ್ 1. ಇದು ಇನ್ನೂ ಕೈಲಾಗದ್ದು. ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳ ಒಳಗೋಡೆಯಲ್ಲಿ ಇನ್ನೊಂದು ಕತ್ತರಿ ಇದೆ, ಎಸಿಇ ಅಂತ. ಪ್ರೋಟೀನ್ ಅಂದರೆ ಅಮೈನೋ ಆಮ್ಲ ಅನ್ನುವ ಮಣಿಗಳ ಸರ. ಈ ಕತ್ತರಿ ಇನ್ನೆರಡು ಮಣಿ ಕತ್ತರಿಸುತ್ತದೆ, 10 ಮಣಿಯ ಸರ 8 ಮಣಿಯದಾಗುತ್ತದೆ. ಅದೇ ಆಂಜಿಯೋಟೆನ್ಸಿನ್ 2. ಇದು ಮಾತ್ರ ಭಾರೀ ಜೋರು. ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ. ಜೊತೆಗೆ ಕಿಡ್ನಿಯ ತಲೆ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳಿ ಅಲ್ಡೋಸ್ಟೆರಾನ್ ಬಿಡಿಸುತ್ತದೆ. ಅಲ್ಡೋಸ್ಟೆರಾನ್ ಕಿಡ್ನಿಗೆ ಬಂದು ಹೇಳುವುದು ಇಷ್ಟೇ: ಉಪ್ಪು ಉಳಿಸಿಕೋ, ಪೊಟ್ಯಾಸಿಯಂ ಹೊರಗೆ ಹಾಕು.

ಪೊಟ್ಯಾಸಿಯಂ ಕಡಿಮೆ ಬಂದದ್ದಕ್ಕೆ ನಿಮ್ಮ ಡಾಕ್ಟರು ಈ ಟೆಸ್ಟ್ ಬರೆದಿದ್ದಾರೆ. ಸುಮ್ನೆ ಬರೆದದ್ದಲ್ಲ. ಅಡ್ರಿನಲ್‌ನಲ್ಲಿ ಒಂದು ಗಂಟು ಬೆಳೆದು, ಯಾರೂ ಹೇಳದೆಯೇ ಅಲ್ಡೋಸ್ಟೆರಾನ್ ಸುರಿಯುತ್ತಿದ್ದರೂ ಹೀಗಾಗುತ್ತದೆ. 1955ರಲ್ಲಿ ಜೆರೋಮ್ ಕಾನ್ ಅನ್ನುವ ಅಮೆರಿಕದ ವೈದ್ಯರು ಇದನ್ನು ವಿವರಿಸಿದರು, ಹಾಗಾಗಿ ಕಾನ್ ಸಿಂಡ್ರೋಮ್ ಅನ್ನುತ್ತಾರೆ.

ಕಾಲುವೆ ಕೊನೆ

ಮೇಷ್ಟ್ರೇ, ನಮ್ಮದು ಮಂಡ್ಯ ಕಡೆ, ವಿಶ್ವೇಶ್ವರಯ್ಯ ನಾಲೆಯ ಟೇಲ್ ಎಂಡು. ಓದ್ತಾ ಓದ್ತಾ ಇದು ನಮ್ಮದೇ ಕಥೆ ಅನ್ನಿಸಿತು. ಕಿಡ್ನಿ ಅಂದರೆ ಟೇಲ್ ಎಂಡ್ ರೈತ, ಅಲ್ವಾ? ಅವನ ಗದ್ದೆಗೆ ನೀರು ಬರದಿದ್ದರೆ ಅವನು ಕೂಗಾಡುತ್ತಾನೆ. ಅದು ರೆನಿನ್ನು. ಕೂಗು ಕೇಳಿ ಮೇಲಿನವರು ತೂಬು ಎತ್ತಿ ಜಾಸ್ತಿ ನೀರು ಬಿಡುತ್ತಾರೆ. ನೀರು ಬಂದರೆ ಇವನು ಸುಮ್ಮನಾಗುತ್ತಾನೆ.

ಹಳೇ ಲ್ಯಾಬ್ ಮೇಷ್ಟ್ರು

ಮೂವತ್ತು ವರ್ಷ ನಾನು ಬೋರ್ಡಿನ ಮೇಲೆ ಬಾಣ ಬಿಡಿಸಿದ್ದೇ ಬಿಡಿಸಿದ್ದು. ನಿಮ್ಮ ಹಾಗೆ ಒಂದು ಸಲವೂ ಹೇಳಲಿಲ್ಲ.

ನಿಮ್ಮ ಕಥೆಯನ್ನೇ ಮುಂದುವರಿಸೋಣ. ನಾಲೆ ತುಂಬಿ ಹರಿಯುತ್ತಿದೆ. ಆದರೆ ಈ ಒಬ್ಬನ ಗದ್ದೆಗೆ ಹೋಗುವ ಕವಲಿನಲ್ಲಿ ಮಾತ್ರ ಹೂಳು ತುಂಬಿದೆ. ಅವನಿಗೆ ಅದು ಕಾಣುವುದಿಲ್ಲ. ನೀರು ಬರುತ್ತಿಲ್ಲ ಅನ್ನುವುದಷ್ಟೇ ಗೊತ್ತು. ಕೂಗುತ್ತಾನೆ. ಮೇಲಿನವರು ಇನ್ನಷ್ಟು ತೂಬು ಎತ್ತುತ್ತಾರೆ. ಉಳಿದವರ ಗದ್ದೆಯೆಲ್ಲ ಮುಳುಗುತ್ತದೆ, ಇವನ ಕೂಗು ನಿಲ್ಲುವುದಿಲ್ಲ.

ಹೀಗೇ ಆಗುತ್ತದೆ ಅಂತ ತೋರಿಸಿದವರು ಹ್ಯಾರಿ ಗೋಲ್ಡ್‌ಬ್ಲಾಟ್, 1934ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಅವರು ಶವಪರೀಕ್ಷೆ ಮಾಡುತ್ತಿದ್ದ ರೋಗಶಾಸ್ತ್ರದವರು. ಬಿಪಿ ಇದ್ದು ಸತ್ತವರ ಕಿಡ್ನಿ ರಕ್ತನಾಳಗಳು ಕಿರಿದಾಗಿರುವುದನ್ನು ನೋಡಿ ನೋಡಿ ಅನುಮಾನ ಬಂತು. ಆಗ ಎಲ್ಲರೂ ಹೇಳುತ್ತಿದ್ದುದು, ಬಿಪಿಯಿಂದ ನಾಳ ಕೆಡುತ್ತದೆ ಅಂತ. ಇವರು ತಿರುಗಿಸಿ ಕೇಳಿದರು: ನಾಳ ಕಿರಿದಾದದ್ದಕ್ಕೇ ಬಿಪಿ ಬಂದಿದ್ದರೆ? ನಾಯಿಗಳ ಕಿಡ್ನಿ ರಕ್ತನಾಳಕ್ಕೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿ ಸ್ವಲ್ಪ ಬಿಗಿದರು. ಬಿಪಿ ಏರಿತು, ಏರಿಯೇ ನಿಂತಿತು.

ರೆನಿನ್ ಅದಕ್ಕೂ ಹಳೆಯದು. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ರಾಬರ್ಟ್ ಟೈಗರ್‌ಸ್ಟೆಡ್ ಮತ್ತು ಅವರ ಶಿಷ್ಯ ಪೆರ್ ಬರ್ಗ್‌ಮನ್ ಮೊಲದ ಕಿಡ್ನಿ ಅರೆದು, ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದರು. ಬಿಪಿ ಏರಿತು. ರಸದಲ್ಲಿರುವ ವಸ್ತುವಿಗೆ ರೆನಿನ್ ಅಂತ ಹೆಸರಿಟ್ಟರು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. ಗೋಲ್ಡ್‌ಬ್ಲಾಟ್ ನಾಯಿಗಳಿಂದಾಗಿ ಧೂಳು ಕೊಡವಿದ್ದು.

ಆಂಜಿಯೋಟೆನ್ಸಿನ್ ಹೆಸರಿನದೂ ಒಂದು ತಮಾಷೆ ಇದೆ. ಸುಮಾರು 1940ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ತಂಡವೂ ಅಮೆರಿಕದ ತಂಡವೂ ಬೇರೆ ಬೇರೆಯಾಗಿ ಇದೇ ವಸ್ತುವನ್ನು ಕಂಡುಹಿಡಿದವು. ಅವರು ಹೈಪರ್ಟೆನ್ಸಿನ್ ಅಂದರು, ಇವರು ಆಂಜಿಯೋಟೋನಿನ್ ಅಂದರು. ವರ್ಷಗಟ್ಟಲೆ ಎಳೆದಾಡಿ, 1958ರಲ್ಲಿ ರಾಜಿಯಾದರು. ಇವರ ತಲೆ, ಅವರ ಬಾಲ.

ದಾವಣಗೆರೆ ಅಕ್ಕ

ಹೂಳಿನ ಮಾತು ಬಂತಲ್ಲ, ಹೇಳಲೇಬೇಕು. ನನ್ನ ನಾದಿನಿಯ ಮಗಳಿಗೆ ಆಗ 22 ವರ್ಷ. ಯಾವಾಗಲೂ ತಲೆನೋವು. ಬಿಪಿ ನೋಡಿದರೆ 180. "ಪರೀಕ್ಷೆ ಟೆನ್ಷನ್, ಮದುವೆ ಆದಮೇಲೆ ಸರಿ ಹೋಗುತ್ತೆ" ಅಂದವರೂ ಉಂಟು, ಅದೂ ಓದಿದವರೇ. ಒಂದು ವರ್ಷ ಹಾಗೇ ಕಳೆಯಿತು. ಕೊನೆಗೆ ಒಬ್ಬ ಡಾಕ್ಟರ್ ಎರಡೂ ಕೈಯಲ್ಲಿ ಬಿಪಿ ನೋಡಿದರು. ಬಲಗೈಯಲ್ಲಿ ಅಷ್ಟು ಬಿಪಿ, ಎಡಗೈಯಲ್ಲಿ ನಾಡಿಯೇ ಸರಿಯಾಗಿ ಸಿಗಲಿಲ್ಲ. ಸ್ಕ್ಯಾನ್ ಮಾಡಿಸಿದಾಗ ಒಂದು ಕಿಡ್ನಿಯ ರಕ್ತನಾಳ ದಾರದಷ್ಟಾಗಿತ್ತು. ತಕಾಯಾಸು ಅಂತ ಕಾಯಿಲೆ, ರಕ್ತನಾಳದ ಗೋಡೆ ಊದಿಕೊಂಡು ದಪ್ಪವಾಗುತ್ತದಂತೆ. ಔಷಧಿ ಕೊಟ್ಟು, ಆಮೇಲೆ ಬಲೂನ್ ಹಾಕಿ ನಾಳ ಹಿಗ್ಗಿಸಿದರು. ಈಗ ಚೆನ್ನಾಗಿದ್ದಾಳೆ, ಬ್ಯಾಂಕಿನಲ್ಲಿ ಕೆಲಸ. ಚಿಕ್ಕ ವಯಸ್ಸಿನವರಿಗೆ ಬಿಪಿ ಬಂದರೆ ಟೆನ್ಷನ್ ಅಂತ ಬಿಡಬೇಡಿ.

ಹಳೇ ಲ್ಯಾಬ್ ಮೇಷ್ಟ್ರು

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ದೇಶದಲ್ಲಿ ಹರೆಯದ ಹೆಣ್ಣುಮಕ್ಕಳಲ್ಲಿ ಕಿಡ್ನಿ ನಾಳ ಕಿರಿದಾಗುವುದಕ್ಕೆ ತಕಾಯಾಸು ದೊಡ್ಡ ಕಾರಣ. ಮೊದಲ ಸಲವಾದರೂ ಎರಡೂ ಕೈಯಲ್ಲಿ ಬಿಪಿ ನೋಡಬೇಕು. ಬಹಳ ಕಡೆ ನೋಡುವುದಿಲ್ಲ.

ಮೆಡಿಕಲ್ ಶಾಪ್ ಹುಡುಗ

ಕೌಂಟರಿನಲ್ಲಿ ಕೂತವನ ಮಾತೂ ಸ್ವಲ್ಪ ಕೇಳಿ. ರಾಮಿಪ್ರಿಲ್, ಎನಾಲಾಪ್ರಿಲ್, ಲಿಸಿನೋಪ್ರಿಲ್, ಹೀಗೆ "ಪ್ರಿಲ್" ಬಾಲದ ಮಾತ್ರೆಗಳೆಲ್ಲ ಮೇಷ್ಟ್ರು ಹೇಳಿದ ಎರಡನೇ ಕತ್ತರಿಯನ್ನು, ಅಂದರೆ ಎಸಿಇಯನ್ನು, ಮೊಂಡು ಮಾಡುತ್ತವೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಓಲ್ಮೆಸಾರ್ಟನ್, ಈ "ಸಾರ್ಟನ್" ಬಾಲದವು ಕತ್ತರಿಯನ್ನು ಮುಟ್ಟಲ್ಲ. ಆಂಜಿಯೋಟೆನ್ಸಿನ್ 2 ಬಂದು ಕೂರುವ ಕುರ್ಚಿಯಲ್ಲಿ ತಾವೇ ಟವೆಲ್ ಹಾಕಿ ಕೂರುತ್ತವೆ. ಬಸ್ಸಿನ ಸೀಟು ಹಿಡಿದ ಹಾಗೆ.

ಈ ಪ್ರಿಲ್ ಮಾತ್ರೆಗಳು ಬಂದದ್ದು ಹಾವಿನ ವಿಷದಿಂದ! ಬ್ರೆಜಿಲ್‌ನಲ್ಲಿ ಜರರಾಕಾ ಅನ್ನುವ ಹಾವಿದೆ. ಅದು ಕಚ್ಚಿದವರ ಬಿಪಿ ದಿಢೀರನೆ ಬೀಳುತ್ತದೆ. ಅಲ್ಲಿನ ಸೆರ್ಜಿಯೊ ಫೆರೇರಾ 1965ರಲ್ಲಿ ವಿಷದೊಳಗೆ ಒಂದು ಅಂಶ ಕಂಡುಹಿಡಿದರು. ಅದನ್ನು ಲಂಡನ್ನಿಗೆ, ಜಾನ್ ವೇನ್ ಅವರ ಲ್ಯಾಬಿಗೆ ಒಯ್ದರು. ಅದು ಎಸಿಇಯನ್ನು ತಡೆಯುತ್ತದೆ ಅಂತ ಅಲ್ಲಿ ಗೊತ್ತಾಯಿತು. ವಿಷದ ಅಂಶವನ್ನು ಇಂಜೆಕ್ಷನ್ ಮಾಡಬಹುದಿತ್ತು, ನುಂಗಿದರೆ ಕೆಲಸಕ್ಕೆ ಬಾರದು. ಅಮೆರಿಕದ ಸ್ಕ್ವಿಬ್ ಕಂಪನಿಯ ಡೇವಿಡ್ ಕುಶ್‌ಮನ್, ಮಿಗೆಲ್ ಒಂಡೆಟ್ಟಿ ಅದರ ಅಚ್ಚು ನೋಡಿಕೊಂಡು ನುಂಗುವ ಮಾತ್ರೆ ಮಾಡಿದರು. ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗಿನ ಮಾತ್ರೆಗಳಲ್ಲಿ ಹಾವೂ ಇಲ್ಲ, ವಿಷವೂ ಇಲ್ಲ, ಹೆದರಬೇಡಿ.

ಒಂದು ತಾಪತ್ರಯ ಮಾತ್ರ ಇದೆ. ಪ್ರಿಲ್ ತಗೊಂಡ ಕೆಲವರಿಗೆ ಒಣ ಕೆಮ್ಮು ಬರುತ್ತೆ. ಕಫ ಇಲ್ಲ, ಜ್ವರ ಇಲ್ಲ, ಸುಮ್ನೆ ಕೆಮ್ಮು. ಅದೇ ಎಸಿಇ ಕತ್ತರಿ ಬ್ರಾಡಿಕೈನಿನ್ ಅನ್ನುವ ಇನ್ನೊಂದು ವಸ್ತುವನ್ನೂ ಕತ್ತರಿಸುತ್ತಿರುತ್ತದೆ. ಕತ್ತರಿ ಮೊಂಡಾದರೆ ಅದು ಉಳಿದು, ಗಂಟಲಲ್ಲಿ ಕಿರಿಕಿರಿ. ಸಾರ್ಟನ್‌ಗಳಲ್ಲಿ ಈ ಕೆಮ್ಮು ಅಪರೂಪ. ಕೆಮ್ಮಿನ ಸಿರಪ್ ಕೇಳಿಕೊಂಡು ತಿಂಗಳುಗಟ್ಟಲೆ ಬರುವವರಿಗೆ ನಾನು ಮೊದಲು ಕೇಳುವುದೇ "ಬಿಪಿ ಮಾತ್ರೆ ಯಾವುದು?" ಅಂತ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ.

ಸಾಗರದ ಹೊಳೆ

ಅಯ್ಯೋ ದೇವರೇ. ಅಪ್ಪನಿಗೆ ಆರು ತಿಂಗಳಿಂದ ಒಣ ಕೆಮ್ಮು! ಅಡಿಕೆ ಸುಲಿಯುವ ಧೂಳು ಅಂದುಕೊಂಡಿದ್ದೆವು. ಡಾಕ್ಟರಿಗೆ ಹೇಳಿಯೇ ಇಲ್ಲ. ಬಿಪಿಗೆ ಹೋದಾಗ ಕೆಮ್ಮಿನ ವಿಷಯ ಯಾಕೆ ಅಂತ.

ಬ್ಯಾಡಗಿ ಖಾರ

ನಡುವೆ ಒಂದು ಸಣ್ಣ ಪ್ರಶ್ನೆ ಮೇಷ್ಟ್ರೇ. ಸೈಂಧವ ಲವಣ ಬಳಸಿದರೆ ಬಿಪಿ ಬರಂಗಿಲ್ಲ ಅಂತ ವಾಟ್ಸಾಪ್‌ನಲ್ಲಿ ದಿನಾ ಬರುತ್ತದೆ. ಖರೇನಾ? ಮನೆಯಾಗ ಎರಡು ಕಿಲೋ ತಂದಿಟ್ಟಾರ.

ಹಳೇ ಲ್ಯಾಬ್ ಮೇಷ್ಟ್ರು

ಬಣ್ಣ ಬೇರೆ, ಬೆಲೆ ಬೇರೆ, ಅಂಗಡಿಯವನ ಲಾಭ ಬೇರೆ. ಒಳಗಿರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಕಿಡ್ನಿಗೆ ಗುಲಾಬಿ ಬಣ್ಣ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ. ಅಂದರೆ ಒಂದು ಟೀ ಚಮಚೆಯೊಳಗೆ, ಹಪ್ಪಳ, ಸಂಡಿಗೆ, ಬಾಳಕ, ಚಟ್ನಿಪುಡಿ ಎಲ್ಲ ಸೇರಿ.

ಉಪ್ಪೇ ಇಲ್ಲದೆ ಬದುಕಿದವರ ಕಥೆ ಕೇಳಿ. 1988ರಲ್ಲಿ ಇಂಟರ್‌ಸಾಲ್ಟ್ ಅಂತ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 32 ದೇಶ, 52 ಕಡೆ, 10,000ಕ್ಕೂ ಹೆಚ್ಚು ಜನ. ಅದರಲ್ಲಿ ಅಮೆಜಾನ್ ಕಾಡಿನ ಯಾನೊಮಾಮಿ ಬುಡಕಟ್ಟಿನವರೂ ಇದ್ದರು. ಅವರ ಅಡುಗೆಗೆ ಉಪ್ಪು ಹಾಕುವ ರೂಢಿಯೇ ಇರಲಿಲ್ಲ. ಸರಾಸರಿ ಬಿಪಿ ಸುಮಾರು 95/61. ನಮ್ಮಲ್ಲಿ ವಯಸ್ಸಾದ ಹಾಗೆ ಬಿಪಿ ಏರುತ್ತದಲ್ಲ, ಅವರಲ್ಲಿ ಏರುತ್ತಿರಲಿಲ್ಲ. ಅವರ ರೆನಿನ್, ಅಲ್ಡೋಸ್ಟೆರಾನ್ ಎರಡೂ ಜಾಸ್ತಿ ಅಂತ ಅದಕ್ಕೂ ಮುಂಚೆಯೇ ಅಳೆದಿದ್ದರು. ಉಪ್ಪಿನ ಒಂದೊಂದು ಹರಳನ್ನೂ ಹಿಡಿದಿಟ್ಟುಕೊಳ್ಳಲು ಕಿಡ್ನಿ ಹಗಲೂ ರಾತ್ರಿ ಕೂಗುತ್ತಿತ್ತು. ಹಾಗಿದ್ದೂ ಬಿಪಿ ಏರಲಿಲ್ಲ! ಹಿಡಿದಿಡುವುದಕ್ಕೆ ಉಪ್ಪೇ ಇಲ್ಲ. ನಮ್ಮ ಕಿಡ್ನಿಯೂ ಅದೇ ಕಾಲದ ಕಿಡ್ನಿ. ಉಪ್ಪು ಸಿಗದ ಕಾಲಕ್ಕೆ ಮಾಡಿದ ಯಂತ್ರಕ್ಕೆ ನಾವು ದಿನಾ ಉಪ್ಪಿನಕಾಯಿ ತಿನ್ನಿಸುತ್ತಿದ್ದೇವೆ.

ಬ್ಯಾಡಗಿ ಖಾರ

ಎರಡು ಕಿಲೋ ಈಗ ಏನು ಮಾಡ್ಲಿ ಮೇಷ್ಟ್ರೇ 😀 ಅಂಗಡಿಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪು ಅಂತಲೂ ಸಿಗುತ್ತದಲ್ಲ, ಅದು?

ಡಯಾಲಿಸಿಸ್ ವಾರ್ಡ್

ಅದಕ್ಕೆ ನಾನು ಹೇಳುತ್ತೇನೆ, ನಾನು ಡಯಾಲಿಸಿಸ್ ಟೆಕ್ನೀಷಿಯನ್. ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಸರಿ ಇದ್ದು ಬೇರೆ ಮಾತ್ರೆ ಇಲ್ಲದವರಿಗೆ ಒಳ್ಳೆಯದೇ. ಆದರೆ ಕಿಡ್ನಿ ಸೋತವರು, ಪ್ರಿಲ್ ಅಥವಾ ಸಾರ್ಟನ್ ತಿನ್ನುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಆ ಮಾತ್ರೆಗಳು ಅಲ್ಡೋಸ್ಟೆರಾನ್ ಇಳಿಸುತ್ತವೆ, ಪೊಟ್ಯಾಸಿಯಂ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಅದರ ಮೇಲೆ ಈ ಉಪ್ಪು, ದಿನಾ ಎರಡು ಎಳನೀರು ಸೇರಿದರೆ ಪೊಟ್ಯಾಸಿಯಂ ಮೇಲೇರಿ ಹಾರ್ಟ್ ಬಡಿತ ತಪ್ಪಬಹುದು. ಎಳನೀರು ತಂಪು ಅಂತ ಕುಡಿದು, ರಾತ್ರಿ ಎಮರ್ಜೆನ್ಸಿಗೆ ಬಂದ ಡಯಾಲಿಸಿಸ್ ಪೇಷಂಟುಗಳನ್ನು ಎಷ್ಟೋ ನೋಡಿದ್ದೇನೆ.

ಬಿಪಿ ಕಿಡ್ನಿಯದ್ದು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಒಂದಿದೆ. 1983ರಲ್ಲಿ ಅಮೆರಿಕದಲ್ಲಿ ಆರು ಜನರ ಬಗ್ಗೆ ಬರೆದರು. ಬಿಪಿಯಿಂದಲೇ ಕಿಡ್ನಿ ಕಳೆದುಕೊಂಡವರು. ಹಳೇ ಕಿಡ್ನಿ ತೆಗೆದು, ಬಿಪಿ ಇಲ್ಲದವರ ಕಿಡ್ನಿ ಕಸಿ ಮಾಡಿದರು. ಸರಾಸರಿ ನಾಲ್ಕೂವರೆ ವರ್ಷ ಆದಮೇಲೆ ನೋಡಿದರೆ ಆರೂ ಜನರ ಬಿಪಿ ನಾರ್ಮಲ್, ಬಿಪಿ ಮಾತ್ರೆ ಇಲ್ಲದೆ. ಹಾರ್ಟ್ ಅದೇ, ರಕ್ತನಾಳ ಅವೇ. ಬದಲಾದದ್ದು ಕಿಡ್ನಿ ಒಂದೇ.

ಕಾಲುವೆ ಕೊನೆ

ಅಣ್ಣ, ನನಗೂ ಟೆಲ್ಮಿಸಾರ್ಟನ್ ಇದೆ, ಜೊತೆಗೆ ನೀರು ಹೋಗೋ ಮಾತ್ರೆ. ಕಬ್ಬು ಕಡಿಯೋ ಕಾಲದಲ್ಲಿ ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುತ್ತೇನೆ. ಪರವಾಗಿಲ್ವಾ?

ಡಯಾಲಿಸಿಸ್ ವಾರ್ಡ್

ಪರವಾಗಿಲ್ಲ ಅಂತ ಹೇಳಲಾರೆ. ಕಿಡ್ನಿ ಪ್ರೋಸ್ಟಗ್ಲಾಂಡಿನ್ ಅಂತ ಇನ್ನೊಂದು ವಸ್ತು ಮಾಡುತ್ತದೆ. ಒಳಗೆ ಬರುವ ಕೊಳವೆ ತೆರೆದಿರುವುದು ಅದರಿಂದ. ನೋವಿನ ಮಾತ್ರೆ ಅದನ್ನು ನಿಲ್ಲಿಸುತ್ತದೆ, ಒಳಬಾಗಿಲು ಕಿರಿದಾಗುತ್ತದೆ. ಸಾರ್ಟನ್ ಹೊರಬಾಗಿಲು ಸಡಿಲ ಮಾಡುತ್ತದೆ. ನೀರು ಹೋಗೋ ಮಾತ್ರೆ ಕಾಲುವೆಯಲ್ಲೇ ನೀರು ಇಳಿಸುತ್ತದೆ. ಮೂರೂ ಸೇರಿದರೆ ಸೋಸುವ ಗಂಟಿನಲ್ಲಿ ಒತ್ತಡವೇ ನಿಲ್ಲುವುದಿಲ್ಲ. ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ ನುಂಗಿದರೆ ಕೇಳಲೇಬೇಡಿ. ಮಂಡಿಗೆ ಬೇರೆ ದಾರಿ ಏನಿದೆ ಅಂತ ಡಾಕ್ಟರನ್ನು ಕೇಳಿ. ವಾಂತಿ ಭೇದಿ ಆದ ದಿನವೂ ಬಿಪಿ ಮಾತ್ರೆ ತಗೊಳ್ಳಬೇಕಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ಹಳೇ ಲ್ಯಾಬ್ ಮೇಷ್ಟ್ರು

ಸಾಗರದ ಮಗಳೇ, ಆ ಪೊಟ್ಯಾಸಿಯಂ 3.1 ನಿನ್ನೆಯಿಂದ ನನ್ನ ತಲೆ ಕೊರೆಯುತ್ತಿದೆ. ರಾಮಿಪ್ರಿಲ್ ತಿನ್ನುವವರಿಗೆ ಪೊಟ್ಯಾಸಿಯಂ ಸ್ವಲ್ಪ ಮೇಲೆ ಹೋಗಬೇಕು. ಇವರದ್ದು ಕೆಳಗಿದೆ. ಕಾನ್ ಸಿಂಡ್ರೋಮ್ ಇರಬಹುದು, ಸರಿ. ಆದರೆ ಒಂದು ವರ್ಷ ಚೆನ್ನಾಗಿದ್ದ ಬಿಪಿ ಎರಡೇ ತಿಂಗಳಲ್ಲಿ ಯಾಕೆ ಕೆಟ್ಟಿತು? ನಾಲ್ಕು ವಿಷಯ ಹೇಳು. ನೀರು ಹೋಗುವ ಮಾತ್ರೆ ಏನಾದರೂ ಇದೆಯಾ? ಭೇದಿ ಇದೆಯಾ? ಕಾಲು ಊದಿದೆಯಾ? ಎರಡು ಮೂರು ತಿಂಗಳಿಂದ ಹೊಸದಾಗಿ ಏನು ತಿನ್ನುತ್ತಿದ್ದಾರೆ, ಕುಡಿಯುತ್ತಿದ್ದಾರೆ? ನಾಟಿ ಔಷಧಿ, ಕಷಾಯ, ಲೇಹ್ಯ, ಏನೂ ಬಿಡಬೇಡ.

ಸಾಗರದ ಹೊಳೆ

ಅಮ್ಮನಿಗೆ ಫೋನ್ ಮಾಡಿ ಕೇಳಿದೆ ಮೇಷ್ಟ್ರೇ. ನೀರು ಹೋಗುವ ಮಾತ್ರೆ ಇಲ್ಲ. ಭೇದಿ ಇಲ್ಲ. ಸಂಜೆ ಹೊತ್ತಿಗೆ ಪಾದ ಊದುತ್ತದೆ, ಚಪ್ಪಲಿಯ ಗುರುತು ಬೀಳುತ್ತದಂತೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಅದಕ್ಕೆ ಅಂತ ಬಾಳೆಹಣ್ಣು ಕೊಡುತ್ತಿದ್ದಾಳೆ. ಹೊಸದು ಅಂದರೆ ಕೆಮ್ಮಿನ ಕಷಾಯ ಮಾತ್ರ. ಶುಂಠಿ, ಕಾಳುಮೆಣಸು, ಧನಿಯಾ, ಜೇಷ್ಠಮಧು. ಎರಡೂವರೆ ತಿಂಗಳಿಂದ ದಿನಕ್ಕೆ ಮೂರು ಲೋಟ. ಸಾಲದು ಅಂತ ತೋಟಕ್ಕೆ ಹೋಗುವಾಗ ಜೇಷ್ಠಮಧುವಿನ ತುಂಡು ಜೇಬಲ್ಲಿ ಇಟ್ಟುಕೊಂಡು ಅಗಿಯುತ್ತಾರಂತೆ. ಕೆಮ್ಮಿಗೆ ಹಿತವಾಗಿದೆ ಅಂತ ಗ್ರಂಧಿಗೆ ಅಂಗಡಿಯಿಂದ ಅರ್ಧ ಕಿಲೋ ತರಿಸಿದ್ದಾರೆ.

ಹಳೇ ಲ್ಯಾಬ್ ಮೇಷ್ಟ್ರು

ಸಿಕ್ಕಿತು ಕಳ್ಳ.

ಅಮ್ಮನಿಗೆ ಹೇಳು, ಜೇಷ್ಠಮಧು ಇವತ್ತೇ ನಿಲ್ಲಲಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೆಮ್ಮು, ಕಷಾಯ ಎರಡನ್ನೂ ತಿಳಿಸಿ. 3.1 ಅಂದರೆ ಹುಡುಗಾಟ ಅಲ್ಲ, ಅದಕ್ಕೆ ಏನು ಕೊಡಬೇಕು ಅಂತ ಅವರೇ ಹೇಳಲಿ.

ಈಗ ಕಾರಣ. ಅಲ್ಡೋಸ್ಟೆರಾನ್ ಕಿಡ್ನಿಯಲ್ಲಿ ತೆರೆಯುವ ಒಂದು ಬೀಗ ಇದೆ. ಅದೇ ಬೀಗಕ್ಕೆ ಕಾರ್ಟಿಸೋಲ್ ಅನ್ನುವ ಇನ್ನೊಂದು ಹಾರ್ಮೋನಿನ ಕೀಲಿಯೂ ಹೊಂದುತ್ತದೆ. ರಕ್ತದಲ್ಲಿ ಕಾರ್ಟಿಸೋಲ್ ಅಲ್ಡೋಸ್ಟೆರಾನ್‌ಗಿಂತ ನೂರಾರು ಪಟ್ಟು ಜಾಸ್ತಿ. ಅದನ್ನು ಸುಮ್ನೆ ಬಿಟ್ಟರೆ ಬೀಗ ಯಾವಾಗಲೂ ತೆರೆದೇ ಇರುತ್ತದೆ. ಅದಕ್ಕೆ ಕಿಡ್ನಿ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ಇಟ್ಟಿದೆ. ಅದು ಒಂದು ಕಿಣ್ವ. ಬಂದ ಕಾರ್ಟಿಸೋಲಿನ ಕೀಲಿಯ ಹಲ್ಲು ಮುರಿದು ಕಳಿಸುತ್ತದೆ. ಜೇಷ್ಠಮಧುವಿನ ಸಿಹಿ ಬರುವುದು ಗ್ಲಿಸಿರೈಜಿನ್ ಎಂಬ ವಸ್ತುವಿನಿಂದ. ಅದು ಹೊಟ್ಟೆಗೆ ಹೋಗಿ, ಈ ಕಾವಲುಗಾರನನ್ನು ಮಲಗಿಸಿಬಿಡುತ್ತದೆ. ಕಾರ್ಟಿಸೋಲ್ ನೇರವಾಗಿ ಒಳಗೆ. ಉಪ್ಪು ಉಳಿಯುತ್ತದೆ, ಪೊಟ್ಯಾಸಿಯಂ ಹೋಗುತ್ತದೆ, ಕಾಲು ಊದುತ್ತದೆ, ಬಿಪಿ ಏರುತ್ತದೆ. ರಾಮಿಪ್ರಿಲ್ ಪಾಪ ಏನು ಮಾಡೀತು? ಅದು ಕಾಯುತ್ತಿರುವುದು ಮುಂಬಾಗಿಲು. ಕಳ್ಳ ಬಂದದ್ದು ಹಿತ್ತಿಲಿನಿಂದ.

1940ರ ದಶಕದಲ್ಲಿ ನೆದರ್ಲೆಂಡ್ಸ್‌ನ ವೈದ್ಯರೊಬ್ಬರು ಹೊಟ್ಟೆಹುಣ್ಣಿಗೆ ಇದರ ಸಾರ ಕೊಡುತ್ತಿದ್ದರು. ಹುಣ್ಣಿಗೆ ಗುಣ ಕಂಡಿತು, ಆದರೆ ಕೆಲವರ ಮುಖ, ಕಾಲು ಊದಿತು. ಅಲ್ಲಿಂದ ಇದರ ಜಾಡು ಹಿಡಿದದ್ದು.

ಟೆಸ್ಟ್ ಮಾಡಿಸಿದರೆ ಏನು ಬರುತ್ತದೆ ಅಂತ ಪಂತ ಕಟ್ಟುತ್ತೇನೆ. ಕಾನ್ ಆಗಿದ್ದರೆ ಅಲ್ಡೋಸ್ಟೆರಾನ್ ಜಾಸ್ತಿ, ರೆನಿನ್ ಕಡಿಮೆ. ಕಿಡ್ನಿ ನಾಳದಲ್ಲಿ ಹೂಳಿದ್ದರೆ ಎರಡೂ ಜಾಸ್ತಿ. ಜೇಷ್ಠಮಧು ಆಗಿದ್ದರೆ ಎರಡೂ ಕಡಿಮೆ. ಗದ್ದೆ ತುಂಬಿ ತುಳುಕುತ್ತಿರುವಾಗ ಟೇಲ್ ಎಂಡ್ ರೈತ ಯಾಕೆ ಕೂಗುತ್ತಾನೆ?

ಹಿತ್ತಲ ಗಿಡ

ಇಲ್ಲಿ ಒಂದು ಆಕ್ಷೇಪ ಇದೆ. ಸಾವಿರಾರು ವರ್ಷದಿಂದ ಬಳಸುವ ಯಷ್ಟಿಮಧುವನ್ನು ಕಳ್ಳ ಅನ್ನುವುದು ಯಾವ ನ್ಯಾಯ? ಇಂಗ್ಲಿಷ್ ಮಾತ್ರೆಯಿಂದ ಕೆಮ್ಮು ಬಂತು, ಬೈಗುಳ ಮಾತ್ರ ಬೇರಿಗೆ.

ಹಳೇ ಲ್ಯಾಬ್ ಮೇಷ್ಟ್ರು

ಬೈದದ್ದು ಬೇರಿಗಲ್ಲ ಸ್ವಾಮಿ, ಅಳತೆಗೆ. ನಮ್ಮ ಮನೆಯಲ್ಲೂ ಜೇಷ್ಠಮಧು ಇದೆ. ಗಂಟಲು ಕಟ್ಟಿದರೆ ಎರಡು ದಿನ ತಗೊಳ್ಳುತ್ತೇನೆ. ಬಿಪಿ ಇರುವವರು ಎರಡೂವರೆ ತಿಂಗಳು ದಿನಾ ಮೂರು ಲೋಟ ಅಂದರೆ ಅದು ಔಷಧಿಯೇ ಆಯಿತು. ಔಷಧಿ ಅಂದಮೇಲೆ ಲೆಕ್ಕ ಬೇಕು. ಒಳ್ಳೆಯ ಆಯುರ್ವೇದ ವೈದ್ಯರೂ ಬಿಪಿ ಇದೆಯಾ ಅಂತ ಕೇಳದೆ ಇದನ್ನು ತಿಂಗಳುಗಟ್ಟಲೆ ಕೊಡಲಾರರು. ಇಂಗ್ಲಿಷ್ ಮಾತ್ರೆಯಿಂದಲೇ ಕೆಮ್ಮು ಬಂತು ಅನ್ನುವುದನ್ನೂ ಒಪ್ಪುತ್ತೇನೆ. ಯಾರೂ ಯಾರಿಗೂ ಹೇಳದೆ ಇದ್ದದ್ದು ಎಡವಟ್ಟಾಯಿತು.

ಹಿತ್ತಲ ಗಿಡ

ಅಳತೆ ಅಂದರೆ ಒಪ್ಪಿದೆ.

ಸಾಗರದ ಹೊಳೆ

ನಾಲ್ಕು ವಾರ ಆಯಿತು, ಸುದ್ದಿ ಹೇಳಲು ಬಂದೆ. ನಾನು ಇಲ್ಲಿ ಬರೆಯುವ ಮುಂಚೆಯೇ ಅಮ್ಮ ಗದರಿಸಿ ಅಪ್ಪನ ರಕ್ತ ಕೊಡಿಸಿ ಬಂದಿದ್ದಳು, ನನಗೇ ಗೊತ್ತಿರಲಿಲ್ಲ. ರಿಪೋರ್ಟ್ ಬಂತು. ಮೇಷ್ಟ್ರು ಪಂತ ಗೆದ್ದರು. ರೆನಿನ್ ಕಡಿಮೆ, ಅಲ್ಡೋಸ್ಟೆರಾನ್ ಕೂಡ ಕಡಿಮೆ. ಡಾಕ್ಟರ್ ರಿಪೋರ್ಟ್ ನೋಡಿ, "ಕಷಾಯದಲ್ಲಿ ಜೇಷ್ಠಮಧು ಇತ್ತಾ? ನಾನೂ ಕೇಳಬೇಕಿತ್ತು" ಅಂದರು. ಆ ಮಾತು ನನಗೆ ಹಿಡಿಸಿತು. ಪೊಟ್ಯಾಸಿಯಂ ಸಿರಪ್ ಕೆಲವು ದಿನ ಕೊಟ್ಟರು. ಮತ್ತೆ ರಕ್ತ ನೋಡಿ, ರಾಮಿಪ್ರಿಲ್ ತೆಗೆದು ಟೆಲ್ಮಿಸಾರ್ಟನ್ ಬರೆದರು. ಈಗ ಪೊಟ್ಯಾಸಿಯಂ 4.2. ಮೊನ್ನೆ ಬಿಪಿ 136/82. ಪಾದದ ಊತ ಹತ್ತು ಹನ್ನೆರಡು ದಿನದಲ್ಲೇ ಇಳಿದಿತ್ತು. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತಿದೆ.

ಇಡೀ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಹಾವಿನ ಭಾಗವನ್ನು ಎರಡು ಸಲ ಓದಿಸಿಕೊಂಡರು. ಈಗ ತೋಟಕ್ಕೆ ಬಂದವರಿಗೆಲ್ಲ ಟೇಲ್ ಎಂಡ್ ರೈತನ ಕಥೆ ಹೇಳುತ್ತಿದ್ದಾರಂತೆ, ತಾವೇ ಕಟ್ಟಿದ ಹಾಗೆ. ಅಮ್ಮನಿಗೆ ಮಾತ್ರ ಸ್ವಲ್ಪ ಬೇಜಾರು, ತನ್ನ ಕಷಾಯದಿಂದ ಹೀಗಾಯಿತಲ್ಲ ಅಂತ. ಅವಳಿಗೆ ಯಾರಾದರೂ ಒಂದು ಮಾತು ಹೇಳಿ.

ದಾವಣಗೆರೆ ಅಕ್ಕ

ಅಮ್ಮನಿಗೆ ಹೇಳಮ್ಮ, ಅವರು ಗದರಿಸಿ ರಕ್ತ ಕೊಡಿಸದಿದ್ದರೆ ಈ ರಿಪೋರ್ಟೇ ಇರುತ್ತಿರಲಿಲ್ಲ ಅಂತ. ಕಷಾಯ ಮಾಡಲಿ, ಆ ಒಂದು ಬೇರು ಬಿಟ್ಟು.

ಕಾಲುವೆ ಕೊನೆ

ಕಥೆಯ ರಾಯಲ್ಟಿ ಎರಡು ಕಿಲೋ ಅಡಿಕೆ ಅಂತ ಅಪ್ಪಾಜಿಗೆ ತಿಳಿಸಿ 😀 ಡೈಕ್ಲೊಫೆನಾಕ್ ಬಿಟ್ಟೆ. ಕ್ರಿಯಾಟಿನಿನ್ ನೋಡಿಸಿದೆ, 1.3 ಇದೆ. ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ.

ಮಂದ್ರ ಷಡ್ಜ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಾನು ಸಂಗೀತ ಹೇಳಿಕೊಡುತ್ತೇನೆ. ಗಂಟಲಿಗೆ ಅಂತ ಹದಿನೈದು ವರ್ಷದಿಂದ ಜೇಷ್ಠಮಧು ಬಾಯಲ್ಲೇ ಇರುತ್ತದೆ, ಪಾಠದ ಹೊತ್ತಿನಲ್ಲಂತೂ ಬಿಡುವುದೇ ಇಲ್ಲ. ಬಿಪಿಗೆ ಮೂರು ಮಾತ್ರೆ ಇದೆ, ಆದರೂ 150ರ ಕೆಳಗೆ ಬರುತ್ತಿಲ್ಲ. ಪೊಟ್ಯಾಸಿಯಂ ಯಾವತ್ತೂ ನೋಡಿಸಿಲ್ಲ. ಮೇಷ್ಟ್ರೇ, ಈ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ?

ಹಳೇ ಲ್ಯಾಬ್ ಮೇಷ್ಟ್ರು

ಪೊಟ್ಯಾಸಿಯಂಗೆ ಖಾಲಿ ಹೊಟ್ಟೆ ಬೇಡ. ನಾಳೆಯೇ ಹೋಗಿ. ಜೇಬಿನಲ್ಲಿರುವ ತುಂಡನ್ನು ತೆಗೆದು ಡಾಕ್ಟರ ಮೇಜಿನ ಮೇಲೆ ಇಡಿ.